ಅಶ್ವಶಕ್ತಿಯೊಂದೇ ಸಾಲದು

ಎಂಜಿನಿನಲ್ಲಿ ಬಲವಿದ್ದರೆ ಕಾರಿಗೆ ವೇಗವು ತಾನಾಗಿಯೇ ಬರುವುದೆಂದು ಹಲವರ ನಂಬಿಕೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಸಿದ್ಧವಾದ ‘ಮಸಲ್ ಕಾರು’ಗಳನ್ನು ಕಂಡವರಿಗೆ ಈ ನಂಬಿಕೆ ಇನ್ನಷ್ಟು ಬಲವಾದರೆ ಆಶ್ಚರ್ಯವಿಲ್ಲ. ಡಾಜ್ ಕಂಪನಿಯ ಚಾರ್ಜರ್ ಕಾರಿಗೆ ಅಳವಡಿಸುತ್ತಿದ್ದ ಹೆಮಿ ಎಂಜಿನಿನ ಗಾತ್ರ 7 ಲೀಟರು, ಘೋಷಿತ ಶಕ್ತಿ 425 ಅಶ್ವಶಕ್ತಿ. ಆದರೂ 1968ರ ಚಾರ್ಜರ್ ಪಂದ್ಯದ ಪಥದಲ್ಲಿ ಎಣಿಸಿದಷ್ಟು ಓಡಲಿಲ್ಲ. ಕಾರಣವೇನು?

ಮೊದಲು ಗಿಯರಿನ ಮಾತು. ಊರಿಗೆ ಹೋಗುವಾಗ ಘಟ್ಟವೇರುವ ಬಸ್ಸನ್ನು ವಾಚಕರು ನೆನೆದುಕೊಳ್ಳಲಿ. ಒಂದನೆಯ ಗಿಯರಿನಲ್ಲಿ ಎಂಜಿನು ಆರ್ಭಟಿಸುತ್ತದೆ, ಚಕ್ರ ಮೆಲ್ಲನೆ ತಿರುಗುತ್ತದೆ. ಎಳೆತ ಹೆಚ್ಚು, ವೇಗ ಕಡಿಮೆ. ಕಾರಿನ ಹಿಂದಿನ ಅಚ್ಚಿನಲ್ಲಿರುವ ಹಲ್ಲಿನ ಚಕ್ರಗಳ ಕೆಲಸವೂ ಇಂತಹದೇ. ಅವುಗಳ ಪ್ರಮಾಣ 4.10 ಎಂದರೆ, ಕೊನೆಯ ಗಿಯರಿನಲ್ಲಿ ಚಕ್ರವು ಒಂದು ಸುತ್ತು ತಿರುಗಲು ಎಂಜಿನು 4.10 ಸುತ್ತು ತಿರುಗಬೇಕು. ಟೈರಿನ ಸುತ್ತಳತೆ 2.1 ಮೀಟರು, ಎಂಜಿನಿನ ಸುತ್ತು ನಿಮಿಷಕ್ಕೆ 5,000 ಎಂದಿಟ್ಟುಕೊಂಡರೆ, ಗಂಟೆಗೆ ಸುಮಾರು 154 ಕಿಲೋಮೀಟರು ವೇಗ ದೊರೆಯುವುದು. ಪ್ರಮಾಣವನ್ನು 2.76ಕ್ಕೆ ಇಳಿಸಿದರೆ ಅಷ್ಟೇ ಸುತ್ತಿಗೆ 228 ಕಿಲೋಮೀಟರು. ಲೆಕ್ಕವೇನೋ ಸರಿ, ಆದರೆ ಎಳೆಯುವ ಬಲವೂ ಅದೇ ಮೇರೆಗೆ ಕುಗ್ಗುವುದು.

ಇನ್ನು ಗಾಳಿ. ವೇಗವು ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಮಡಿ. ಅದನ್ನು ಭೇದಿಸಲು ಬೇಕಾದ ಶಕ್ತಿ ಎಂಟು ಮಡಿ. ಎಂಜಿನಿನ ಶಕ್ತಿಯೂ ಗಾಳಿಯ ಬೇಡಿಕೆಯೂ ಸಮವಾದೆಡೆಯಲ್ಲಿ ವೇಗವು ನಿಲ್ಲುತ್ತದೆ. ಆ ಹಂತದಲ್ಲಿ ಎಂಜಿನು ತನ್ನ ಪೂರ್ಣ ಶಕ್ತಿಯ ಸುತ್ತಿನಲ್ಲಿರುವಂತೆ ಗಿಯರನ್ನು ಆರಿಸುವುದೇ ಜಾಣತನ. ಪ್ರಮಾಣವನ್ನು ಅದಕ್ಕಿಂತಲೂ ಇಳಿಸಿದರೆ ಕಾಗದದ ಮೇಲೆ ವೇಗ ಏರುವುದು, ರಸ್ತೆಯ ಮೇಲೆ ಇಳಿಯುವುದು.

ಚಾರ್ಜರ್ ಸೋತುದು ಗಾಳಿಗೆ. ಒಳಸರಿದಿದ್ದ ಅದರ ಮುಂದಿನ ಜಾಲರಿ ಗಾಳಿಯನ್ನು ಬೊಗಸೆಯಂತೆ ಹಿಡಿಯುತ್ತಿತ್ತು. ತಗ್ಗಿನಲ್ಲಿದ್ದ ಹಿಂದಿನ ಗಾಜಿನ ಬಳಿ ಗಾಳಿ ಸುಳಿಯಾಗಿ, ಕಾರಿನ ಹಿಂಭಾಗವು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತಿತ್ತು. 1969ರ ಚಾರ್ಜರ್ ಡೇಟೋನಾ ಕಾರಿನಲ್ಲಿ ಎಂಜಿನಿಯರರು ಹಿಂದಿನ ಗಾಜನ್ನು ಮೈಮಟ್ಟಕ್ಕೆ ತಂದರು; ಮುಂದೆ ಚೂಪಾದ ಮೂತಿಯನ್ನೂ ಹಿಂದೆ ಎರಡಡಿಯಷ್ಟು ಎತ್ತರದ ರೆಕ್ಕೆಯನ್ನೂ ಇಟ್ಟರು. ಮೂತಿ ಗಾಳಿಯನ್ನು ಸೀಳಿತು. ರೆಕ್ಕೆ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿತು. 1970ರ ಮಾರ್ಚ್ 24ರಂದು ಅಲಬಾಮಾದ ಟ್ಯಾಲಡೀಗಾ ಪಥದಲ್ಲಿ ಬಡಿ ಬೇಕರ್ ಎಂಬ ಚಾಲಕನು ಈ ಕಾರನ್ನು ಗಂಟೆಗೆ 200.447 ಮೈಲಿ, ಅಂದರೆ 322 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡಿಸಿ ದಾಖಲೆ ಸ್ಥಾಪಿಸಿದನು.

ಈ ವಿಜಯಕ್ಕೆ ಇನ್ನೊಂದು ಮುಖವೂ ಉಂಟು. 1969ರ ಸೆಪ್ಟೆಂಬರಿನಲ್ಲಿ ಅದೇ ಪಥದಲ್ಲಿ ಡೇಟೋನಾ ಕಾರು ತನ್ನ ಮೊದಲ ಪಂದ್ಯಕ್ಕೆ ಅಣಿಯಾಗುತ್ತಿದ್ದಾಗ, ಆ ವೇಗವನ್ನು ತಾಳಲಾರದೆ ಟೈರುಗಳು ಹರಿಯತೊಡಗಿದವು. ಎಂಜಿನು, ಗಿಯರು, ಮೈಕಟ್ಟು ಮೂರೂ ಸಿದ್ಧವಾಗಿದ್ದವು. ನೆಲವನ್ನು ಮುಟ್ಟುವ ರಬ್ಬರು ಸಿದ್ಧವಾಗಿರಲಿಲ್ಲ. ರಿಚರ್ಡ್ ಪೆಟ್ಟಿ ಮೊದಲಾದ ಹೆಸರಾಂತ ಚಾಲಕರು ಸ್ಪರ್ಧಿಸಲೊಲ್ಲದೆ ಹೊರನಡೆದರು. ಪಂದ್ಯ ನಡೆಯಿತು; ರಿಚರ್ಡ್ ಬ್ರಿಕ್‌ಹೌಸ್ ಎಂಬವನು ಡೇಟೋನಾ ಕಾರಿನಲ್ಲಿಯೇ ಗೆದ್ದನು. ಆದರೂ ಹೊರನಡೆದವರನ್ನು ಅಂಜುಕುಳಿಗಳೆನ್ನಲಾಗದು. ದುಡಿಮೆಗೆ ಬಂದವನು ಜೀವಸಹಿತ ಮನೆಗೆ ಮರಳಬೇಕೆಂಬುದು ನ್ಯಾಯವಾದ ಬೇಡಿಕೆಯೇ ಸರಿ.

1971ರಲ್ಲಿ ನ್ಯಾಸ್ಕಾರ್ ಸಂಸ್ಥೆಯು ಇಂತಹ ರೆಕ್ಕೆಯ ಕಾರುಗಳಿಗೆ 5 ಲೀಟರಿನ ಎಂಜಿನಿನ ಮಿತಿಯನ್ನು ವಿಧಿಸಿತು. ರೆಕ್ಕೆಯ ಕಾರುಗಳ ಕಾಲ ಅಲ್ಲಿಗೆ ಮುಗಿಯಿತು. ಕಾರಿನ ವೇಗವನ್ನು ಕುರಿತು ಯಾರಾದರೂ ಕೊಚ್ಚಿಕೊಂಡರೆ ಅಶ್ವಶಕ್ತಿ ಎಷ್ಟೆಂದು ಮಾತ್ರ ಕೇಳಿದರೆ ಸಾಲದು. ಗಿಯರಿನ ಪ್ರಮಾಣವೆಷ್ಟು, ಮೈಕಟ್ಟು ಎಂತಹದು, ಟೈರು ತಾಳುವುದೇ ಎಂದೂ ಕೇಳಬೇಕು.