ಸಂಜೆಗೆಂಪೂ ಧ್ವಜದ ಅರಿವೆಯೂ

ನಮ್ಮ ಕೋಟುಮಚಗಿಯ ಎರೆಹೊಲಗಳಾಚೆ ಸೂರ್ಯನು ಮುಳುಗುವಾಗ ಆಕಾಶವೆಲ್ಲ ಕೇಸರಿಯಾಗುವುದು. ಹುಬ್ಬಳ್ಳಿಯಂಥ ಪಟ್ಟಣದಲ್ಲಿ ಧೂಳು ಹೊಗೆಗಳಿಂದ ಅದೇ ಬಣ್ಣವು ಮಬ್ಬಾಗುವುದು. ಸಂಜೆಯ ಕಿರಣಗಳು ವಾಯುಮಂಡಲದಲ್ಲಿ ಬಹುದೂರ ಸಾಗಬೇಕಾದುದರಿಂದ ನೀಲಿಯು ಹಾದಿಯಲ್ಲಿಯೇ ಚದುರಿಹೋಗಿ, ಕೆಂಪು ಕೇಸರಿಗಳು ಮಾತ್ರ ಕಣ್ಣಿಗೆ ತಲುಪುತ್ತವೆ.

ಧ್ವಜವನ್ನು ಈ ಹೊತ್ತಿಗೆ ಇಳಿಸಲೇಬೇಕೆಂಬ ನಿಯಮವಿತ್ತು. 2022ರ ಜುಲೈಯಲ್ಲಿ ಅದು ಸಡಿಲಾಗಿ, ಈಗ ಮನೆಯ ಮೇಲೆ ರಾತ್ರಿಯೂ ಹಾರಿಸಬಹುದು.

1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತೋರಿಸಿದ ಮಾದರಿಯಲ್ಲಿ ಇದ್ದುದು ಕೆಂಪು, ಹಸಿರು. ಬಿಳಿ ಆಮೇಲೆ ಸೇರಿತು. ಕೇಸರಿಯು ಬಂದದ್ದು 1931ರಲ್ಲಿ. 1947ರ ಜುಲೈ 22ರಂದು ಸಂವಿಧಾನ ಸಭೆಯು ಚರಕದ ಸ್ಥಳದಲ್ಲಿ 24 ಅರೆಗಳ ಚಕ್ರವನ್ನಿಟ್ಟಿತು.

ಇಷ್ಟು ಎಲ್ಲರೂ ಓದಿದ್ದೇ. ಆದರೆ ಧ್ವಜದ ಅರಿವೆ ನಮ್ಮ ಸೀಮೆಯದೆಂಬುದನ್ನು ನಾನು ಕಾಲೇಜಿಗೆ ಬಂದ ಮೇಲೆಯೇ ತಿಳಿದೆ! ಧಾರವಾಡದ ಬಳಿಯ ಗರಗದಲ್ಲಿ, ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಧ್ವಜದ ಖಾದಿಯನ್ನು ನೇಯುತ್ತ ಬಂದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ಬಟ್ಟೆಗೆ ಬಣ್ಣ ಹಾಕಿ, ಚಕ್ರವನ್ನು ಅಚ್ಚೊತ್ತಿ, 3:2ರ ಅಳತೆಗೆ ಹೊಲಿಯುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ದೊರೆತಾಗ ಸಂಘದವರು ವಿರೋಧಿಸಿದ್ದು ಇವರ ಕೂಲಿಯ ಸಲುವಾಗಿಯೇ.

ನಮ್ಮವ್ವನಿಗೆ ಅಕ್ಷರ ಬಾರದು. ನಾನು ಅಂಗಡಿಯಿಂದ ತಂದ ಧ್ವಜವನ್ನು ಬೆರಳಿನಿಂದ ತಿಕ್ಕಿ ನೋಡಿ, "ಇದು ಕೈನೂಲಲ್ಲ ಬಿಡಪಾ" ಎಂದಳು.