ಕಲ್ಲು ಮತ್ತೆ ಮತ್ತೆ ಬಂದ್ರ ಕುತ್ತಿಗಿ ಕಡೆ ನೋಡ್ರಿ

ಅಗಡಿ ಅಕ್ಕಾರ, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸೋ ಅವ್ವಾರ, ಒಂದ್ ನಿಮಿಷ ಕೇಳ್ರಿ.

ಕಿಡ್ನಿ ಕಲ್ಲು ತೆಗಿಸಿದ್ರೂ ಮತ್ತ ಬರ್ತದ. ಎಲುಬು ನೋವು, ಸುಸ್ತು, ಮಲಬದ್ಧತೆ, ಪದೇ ಪದೇ ಮೂತ್ರ. ‘ವಯಸ್ಸಾತು ಬಿಡವಾ’ ಅಂತಾರ. ಇರಬಹುದು. ಆದ್ರ ಕುತ್ತಿಗ್ಯಾಗ ಥೈರಾಯ್ಡ್ ಹಿಂದ ಅಕ್ಕಿಕಾಳಿನಷ್ಟು ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿ ಅದಾವ, ಅವು ಕೆಟ್ರೂ ಹಿಂಗ ಆಗ್ತದ. ಇವನ್ನ ಮೊದಲು ಗುರುತಿಸಿದ್ದು ಮನುಷ್ಯರೊಳಗಲ್ಲ, 1849ರಾಗ ಲಂಡನ್ ಝೂನಾಗ ಸತ್ತ ಭಾರತದ ಘೇಂಡಾಮೃಗದಾಗ!

ರಕ್ತದಾಗ ಕ್ಯಾಲ್ಸಿಯಂ ಕಡಿಮಿ ಆದ್ರ ಈ ಗ್ರಂಥಿಗಳು ಪಿಟಿಎಚ್ ಹಾರ್ಮೋನ್ ಬಿಟ್ಟು ಎಲುಬಿನಿಂದ ತರಸ್ತಾವ, ಸಾಕಾದ್ರ ಸುಮ್ಮನಾಗ್ತಾವ. ಒಂದಕ್ಕ ಗಡ್ಡಿ ಆತಂದ್ರ ಸುಮ್ಮನಾಗೋದೇ ಇಲ್ಲ. ಎಲುಬು ಸವೀತದ, ಮೂತ್ರಕ್ಕ ಕ್ಯಾಲ್ಸಿಯಂ ಇಳೀತದ, ಕಲ್ಲು ಕಟ್ತದ. ಹಾಲು ಕುಡದದ್ದಕ್ಕಲ್ಲ ಇದು. ಈ ಗಡ್ಡಿ ಕ್ಯಾನ್ಸರ್ ಆಗಿರೋದು ಭಾಳ ಅಪರೂಪ. ಗಡ್ಡಿ ಆಗೋದು 50 ದಾಟಿದ ಹೆಣ್ಮಕ್ಕಳಿಗೇ ಹೆಚ್ಚು.

ರಕ್ತದ ಕ್ಯಾಲ್ಸಿಯಂ ಸಾಮಾನ್ಯ ಮಟ್ಟ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಅದಕ್ಕೂ ಮೇಲಿದ್ರ ಪಿಟಿಎಚ್, ವಿಟಮಿನ್ ಡಿ ನೋಡ್ತಾರ. ಕ್ಯಾಲ್ಸಿಯಂ ಏರಿದ್ರೂ ಪಿಟಿಎಚ್ ಇಳಿದಿಲ್ಲಂದ್ರ ಅನುಮಾನ ಈ ಗ್ರಂಥಿ ಮ್ಯಾಲೆ. ಗಡ್ಡಿ ತಗದ್ರ ಹೆಚ್ಚಿನವರಿಗೆ ಗುಣ ಆಗ್ತದ.

ಎಲುಬು ನೋವಂತ ಅಂಗಡಿ ಗುಳಿಗಿ ತಂದು ನುಂಗಬ್ಯಾಡ್ರಿ. ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋದಾಗ ಡಾಕ್ಟ್ರಿಗೆ ಕೇಳ್ರಿ: ‘ಸಾಹೇಬ್ರ, ನನ್ನ ಕ್ಯಾಲ್ಸಿಯಂ ಎಷ್ಟದ?’