ಯಕೃತ್ತಿನ ಕಸಿಗೆ ಜೀವಕೋಶ ಚಿಕಿತ್ಸೆ ಪರ್ಯಾಯವಾದೀತೆ?

ಮಾನವ ಶರೀರದಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಸದ್ದಿಲ್ಲದೆ ದುಡಿಯುವ ಅಂಗ. ಉಂಡ ಆಹಾರವನ್ನು ಶರೀರಕ್ಕೆ ಒಗ್ಗಿಸುವುದು, ರಕ್ತದಲ್ಲಿನ ವಿಷವನ್ನು ಕಳೆಯುವುದು, ಪಿತ್ತರಸವನ್ನು ಸ್ರವಿಸುವುದು ಇದರ ಕಾಯಕ. ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಮತ್ತೆ ಬೆಳೆಯಬಲ್ಲ ಶಕ್ತಿ ಇದಕ್ಕುಂಟು. ಆದರೆ ಮದ್ಯಪಾನ, ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ವೈರಾಣುಗಳು, ಮಿತಿಮೀರಿದ ಕೊಬ್ಬು ವರ್ಷಗಟ್ಟಲೆ ಪೀಡಿಸಿದರೆ ಯಕೃತ್ತು ಗಂಟುಗಂಟಾಗಿ ಗಡುಸಾಗುತ್ತದೆ. ಇದನ್ನೇ ವೈದ್ಯರು ಸಿರೋಸಿಸ್ ಎನ್ನುತ್ತಾರೆ. ಅದರ ಕೊನೆಯ ಹಂತದಲ್ಲಿ ಯಕೃತ್ತಿನ ಕಸಿಯೇ ಪರಿಹಾರ.

ದಾವಣಗೆರೆಯಲ್ಲಿ 1965ರಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪನೆಯಾಯಿತು. ಹರಿಹರ ಮತ್ತು ಸುತ್ತಲಿನ ಊರುಗಳ ರೋಗಿಗಳು ಚಿಕಿತ್ಸೆಗಾಗಿ ಈ ನಗರಕ್ಕೇ ಬರುತ್ತಾರೆ. ಆದರೆ ಯಕೃತ್ತಿನ ಕಸಿಯ ಮಾತು ಬಂದಾಗ ಇಲ್ಲಿಯ ಕುಟುಂಬಗಳು ಸಾಮಾನ್ಯವಾಗಿ ಸುಮಾರು 260 ಕಿ.ಮೀ. ದೂರದ ಬೆಂಗಳೂರಿನತ್ತ ಮುಖಮಾಡಬೇಕಾಗುತ್ತದೆ. ಲಕ್ಷಗಟ್ಟಲೆ ವೆಚ್ಚ ಒಂದೆಡೆ, ದಾನಿಗಾಗಿ ಕಾಯುವ ಸಂಕಟ ಇನ್ನೊಂದೆಡೆ. ಇಂಥ ಹೊತ್ತಿನಲ್ಲಿ ‘ಶಸ್ತ್ರಚಿಕಿತ್ಸೆ ಬೇಡ, ಆಕರಕೋಶದ ಚುಚ್ಚುಮದ್ದು ಸಾಕು’ ಎಂಬ ಮಾತು ಕಿವಿಗೆ ಬಿದ್ದರೆ ಮನೆಯವರು ಹೊಲ ಮಾರಲೂ ಸಿದ್ಧರಾಗುವುದು ಸಹಜ. ಆದ್ದರಿಂದ ಈ ಚಿಕಿತ್ಸೆಯ ಶಕ್ತಿಯನ್ನೂ ಮಿತಿಯನ್ನೂ ಅರಿತಿರುವುದು ಒಳ್ಳೆಯದು.

ಇಡೀ ಅಂಗದ ಬದಲು ಅದರ ಜೀವಕೋಶಗಳನ್ನು ಮಾತ್ರ ಬೇರ್ಪಡಿಸಿ ರೋಗಿಗೆ ನೀಡುವುದೇ ಇದರ ಮೂಲ ತತ್ತ್ವ. ನಮ್ಮ ನೆರೆಯ ಹೈದರಾಬಾದಿನ ಡಾ. ಸಿ. ಎಂ. ಹಬೀಬುಲ್ಲಾ ಅವರ ತಂಡ, ಯಕೃತ್ತು ಹಠಾತ್ತನೆ ವಿಫಲಗೊಂಡ ಏಳು ರೋಗಿಗಳಿಗೆ ಭ್ರೂಣದ ಯಕೃತ್ಕೋಶಗಳನ್ನು ನೀಡಿದ ಪ್ರಯೋಗವನ್ನು 1994ರಲ್ಲಿಯೇ ಪ್ರಕಟಿಸಿತು. 1998ರಲ್ಲಿ ಅಮೆರಿಕದ ವೈದ್ಯರು ಹುಟ್ಟು ಕಾಮಾಲೆಯಿದ್ದ ಹತ್ತು ವರ್ಷದ ಬಾಲಕಿಗೆ ಇಂಥ ಕೋಶಗಳನ್ನು ನೀಡಿದ ವಿವರ ಹೊರಬಂದಿತು. ಆಕೆಯ ಕಾಮಾಲೆ ತಗ್ಗಿತು, ಪೂರ್ತಿ ಹೋಗಲಿಲ್ಲ. 2020ರಲ್ಲಿ ಪ್ರಕಟವಾದ ಲಂಡನ್ನಿನ ವರದಿಯಂತೆ, ಯಕೃತ್ತು ಹಠಾತ್ತನೆ ಕೆಟ್ಟ ಎಂಟು ಮಕ್ಕಳಿಗೆ ಸೂಕ್ಷ್ಮ ಗುಳಿಗೆಗಳಲ್ಲಿ ಅಡಗಿಸಿದ ಕೋಶಗಳನ್ನು ನೀಡಿದಾಗ ನಾಲ್ವರು ಕಸಿಯಿಲ್ಲದೆಯೇ ಚೇತರಿಸಿಕೊಂಡರು. ನಮ್ಮ ಬೆಂಗಳೂರಿನ ಪ್ಯಾಂಡೊರಮ್ ಸಂಸ್ಥೆ 2015ರಲ್ಲಿ ಮೂರು ಆಯಾಮದ ಮುದ್ರಣದಿಂದ ಯಕೃತ್ತಿನ ಅಂಗಾಂಶವನ್ನು ರೂಪಿಸಿತು. ಅದು ಔಷಧ ಪರೀಕ್ಷೆಗೆ ನೆರವಾಗುವಂಥದು. ರೋಗಿಗೆ ಜೋಡಿಸುವ ಯಕೃತ್ತು ಅಲ್ಲ.

ಸಿರೋಸಿಸ್‌ನ ಕಥೆಯೇ ಬೇರೆ. ಗಡುಸಾದ ನೆಲದಲ್ಲಿ ಬೀಜ ಬೇರೂರದಂತೆ, ಕಲೆಗಟ್ಟಿದ ಯಕೃತ್ತಿನಲ್ಲಿ ಹೊಸ ಕೋಶಗಳು ನೆಲೆಯೂರುವುದು ಕಷ್ಟ. ಒಳ್ಳೆಯ ಕೋಶಗಳ ಕೊರತೆಯೂ, ಪರಕೀಯ ಕೋಶಗಳನ್ನು ಶರೀರ ತಿರಸ್ಕರಿಸುವ ತೊಡಕೂ ಇವೆ. ಬ್ರಿಟನ್ನಿನಲ್ಲಿ 81 ಸಿರೋಸಿಸ್ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗಿಯದೇ ಆಕರಕೋಶಗಳನ್ನು ನೀಡಿಯೂ ಯಕೃತ್ತು ಸುಧಾರಿಸಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ರೋಗಗಳಂಥ ಕೆಲವನ್ನು ಬಿಟ್ಟರೆ ಉಳಿದೆಡೆ ಆಕರಕೋಶಗಳ ಬಳಕೆ ಅನುಮೋದಿತ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಇಂಥ ಚಿಕಿತ್ಸೆಗೆ ಯಾರಾದರೂ ಹಣ ಕೇಳಿದರೆ, ಪ್ರಯೋಗದ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಅನುಮತಿಯನ್ನೂ ಕೇಳುವುದು ಬಂಧುಗಳ ಹಕ್ಕು.

ಹಾಗಾದರೆ ಇಂದು ನಮ್ಮ ಕೈಯಲ್ಲಿರುವುದೇನು? ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ‘ಬಿ’ ಲಸಿಕೆ ಹಾಕಿಸುವುದು, ಮದ್ಯವನ್ನು ದೂರವಿಡುವುದು, ಹೊಟ್ಟೆಯುಬ್ಬರ, ಕಾಮಾಲೆ ಕಂಡೊಡನೆ ವೈದ್ಯರಲ್ಲಿಗೆ ಹೋಗುವುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ‘ಬಿ’, ‘ಸಿ’ ಪರೀಕ್ಷೆ ಮತ್ತು ಔಷಧಗಳನ್ನು ಸರ್ಕಾರ ಉಚಿತವಾಗಿ ಒದಗಿಸುತ್ತದೆ. ಕಸಿ ಬೇಕೆಂದು ತಜ್ಞರು ಹೇಳಿದರೆ ತಡಮಾಡದೆ ಕಸಿ ಆಸ್ಪತ್ರೆಯ ಮೂಲಕ ರಾಜ್ಯದ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಬೇಕು, ಹತ್ತಿರದ ಬಂಧುವೂ ತನ್ನ ಯಕೃತ್ತಿನ ಒಂದು ಭಾಗ ನೀಡಬಹುದು.

ಅಂಗದಾನದಿಂದ ಅಂತ್ಯಕ್ರಿಯೆಗೆ ಅಡ್ಡಿಯಾದೀತೆಂಬ ಅಳುಕು ಬೇಡ. ಅಂಗ ತೆಗೆದ ಬಳಿಕ ದೇಹವನ್ನು ಹೊಲಿದು, ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ. ಕ್ರಿಯಾ ಸಮಾಧಿ ಎಂದಿನಂತೆಯೇ ನಡೆಯಬಹುದು. ಜೀವಕೋಶ ಚಿಕಿತ್ಸೆ ನಾಳಿನ ಭರವಸೆ. ಅದು ಕೈಗೂಡುವವರೆಗೆ ಒಬ್ಬರ ಯಕೃತ್ತು ಇನ್ನೊಬ್ಬರ ಪ್ರಾಣವನ್ನು ಉಳಿಸಬಲ್ಲದೆಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ಮುಂಚಿತವಾಗಿ ಮಾತನಾಡಿಕೊಳ್ಳುವುದು ಹಿತ.